ಬೂದು ಕುದುರೆಯಲ್ಲಿ ಮಂಗಳವಾರ

ಬೋರ್ಡಿನ ಮೇಲಿನ ಕುದುರೆಗೆ ಈಗ ಮೂರೇ ಕಾಲು.
ನಾಲ್ಕನೆಯದನ್ನು ಗಾಳಿಯೋ ಬಿಸಿಲೋ ಕೆರೆದು ತಿಂದಿದೆ.
ಆದರೂ ನಿಂತಿದೆ,
ಶ್ರಾಪ್‌ಶೈರಿನ ಈ ಊರಿನ ತಿರುವಿನಲ್ಲಿ,
ಬಸ್ಸು ದಿನಕ್ಕೆರಡೇ ಸಲ ಬರುವಲ್ಲಿ.

ಇಲ್ಲಿಯ ಔಷಧಿ ಅಂಗಡಿಗೆ ವಾರಕ್ಕೊಮ್ಮೆ ಬದಲಿ ಆಳು ನಾನು.
ಮಂಗಳವಾರ ರಾತ್ರಿ ಮಹಡಿಯ ನಾಲ್ಕನೇ ಕೋಣೆ.
ಬೀಗದ ಕೈಗೆ ಕಟ್ಟಿದ ಹಿತ್ತಾಳೆಯ ಗುಂಡು
ಬಾಗಿಲಿಗಿಂತ ಗಟ್ಟಿ.

ಮೊದಲ ರಾತ್ರಿ ಡಿಲಿಸ್ ಮೆನು ಕೈಗಿತ್ತಳು.
ಹದಿನಾಲ್ಕು ಬಗೆ, ಬಂಗಾರದ ಅಕ್ಷರ.
ಮೀನು? ಅದು ಶುಕ್ರವಾರ.
ಅಣಬೆಯ ಪೈ? ಅಡುಗೆಯ ಹುಡುಗ ಬಿಟ್ಟುಹೋದ.
ಸೂಪು? ಅದರ ಮಾತು ಬೇಡ.
ಇರುವುದೇನು ತಾಯಿ?
ಬೀನ್ಸು, ಟೋಸ್ಟು,
ಬೇಕೆಂದರೆ ಒಂದು ಮೊಟ್ಟೆ, ಅಂದಳು
ಈಗಷ್ಟೇ ಕೋಳಿಯ ಒಪ್ಪಿಗೆ ಪಡೆದು ಬಂದವಳ ಹಾಗೆ.

ಮೂಲೆಯಲ್ಲಿ ಮುದುಕ ಟನಿಕ್ಲಿಫ್,
ಅರ್ಧ ಪೈಂಟಿಗೆ ಮೂರು ಗಂಟೆ.
ಬೆಂಕಿಗೂಡಿನೊಳಗೆ ಒಂದು ಹೀಟರು,
ಹೀಟರಿನ ಎರಡು ಸರಳಲ್ಲಿ ಒಂದಷ್ಟೇ ಕೆಂಪು.
ಆ ಕೆಂಪಿಗೆ ಬಲಗಾಲು ಕೊಡುತ್ತಾನೆ,
ಒಂದಿಷ್ಟು ಹೊತ್ತಾದ ಮೇಲೆ ಎಡಗಾಲು,
ಅಣ್ಣತಮ್ಮಂದಿರಿಗೆ ಪಾಲು ಹಂಚಿದಂತೆ.
ಪಕ್ಕದ ಕುರ್ಚಿಗೆ ಕೈಯಿಟ್ಟೆ. ಅದು ಎಡ್ಗರನದು, ಎಂದ.
ತೀರಿಕೊಂಡರೆ?
ಇಲ್ಲಪ್ಪ, ಬೈಪಾಸಿನ ಹೊಸ ಜಾಗಕ್ಕೆ ಹೋಗುತ್ತಾನೆ.
ಅಲ್ಲಿ ಒಂದೇ ದುಡ್ಡಿಗೆ
ಎಷ್ಟು ಸಲ ಬೇಕಾದರೂ ಕಾಫಿ ತುಂಬುತ್ತಾರಂತೆ.
ಸತ್ತಿದ್ದರೇ ಸುಲಭವಿತ್ತು ಎನ್ನುವ ಮುಖ.

ಮಾರ್ಚಿನಲ್ಲಿ ಡಡ್ಲಿಯಿಂದ ಗಂಡಹೆಂಡತಿ ಬಂದರು.
ಮೂವತ್ತೆಂಟು ವರ್ಷದ ಹಿಂದೆ ಮದುವೆಯ ರಾತ್ರಿ ಇಲ್ಲೇ ತಂಗಿದ್ದರಂತೆ,
ಅದೇ ಏಳನೇ ಕೋಣೆ ಬೇಕಂತೆ.
ಏಳರಲ್ಲಿ ಈಗ ಬಕೆಟ್ಟುಗಳು ಇರುತ್ತವೆ,
ಮೇಲಿಂದ ಬಿದ್ದದ್ದನ್ನು ಲೆಕ್ಕ ಹಾಕುತ್ತ.
ಐದು ಕೊಟ್ಟಳು. ಐದಕ್ಕೂ ನಾಲ್ಕಕ್ಕೂ ನಡುವೆ
ಗೋಡೆಯೆಂಬುದು ಹೆಸರಿಗೆ.
ನಡುರಾತ್ರಿ ನಲ್ಲಿ ತಿರುಗಿಸಿದರು:
ಹೆರುವ ಹಸುವಿನ ಹಾಗೆ ಪೈಪು ಮೊರೆಯಿತು.
ಅವನು ಬೈದ. ನೀರು ಚಹಾದ ಬಣ್ಣ,
ಬೆಳಗಾಗಲಿ ನೋಡ್ತೀನಿ, ದುಡ್ಡು ವಾಪಸು ಕೇಳ್ತೀನಿ.
ಆಮೇಲೆ ಅವಳ ನಗು, ತಡೆದು ತಡೆದು ಬಂದದ್ದು:
ಅಯ್ಯೋ, ಆವತ್ತೂ ಹೀಗೇ ಕೂಗಿತ್ತಲ್ಲ!

ಮೆಟ್ಟಿಲ ಬುಡದಲ್ಲಿ ದಾರ ಕಟ್ಟಿದ ಪೆನ್ನು,
ಬಂದವರು ಬರೆದುಹೋಗುವ ಪುಸ್ತಕ.
ಮೊದಲ ಪುಟಗಳಲ್ಲಿ ಶಾಯಿ ನೀಲಿ, ಮಾತು ಧಾರಾಳ.
ಇಂಥ ಕುರಿಮಾಂಸ ಲಂಡನ್ನಿನಲ್ಲೂ ಸಿಗದು.
ನಮ್ಮ ನಾಯಿಗೂ ಹಾಸಿಗೆ ಹಾಕಿಕೊಟ್ಟರು.
ಬರಬರುತ್ತ ಅಕ್ಷರ ಬಿರುಸು:
ಟವೆಲ್ಲಿಗೆ ತೂತು, ಕಿಟಕಿ ಮುಚ್ಚದು,
ಸಾಸೇಜಿನ ಹೊಟ್ಟೆಯಲ್ಲಿ ಹಿಮ.
ದೂರು ದೂರಿನ ಕೆಳಗೂ ಪೆನ್ಸಿಲಿನಲ್ಲಿ, ಸಣ್ಣಗೆ, ಡಿಲಿಸ್:
ಟವೆಲ್ಲು ಬದಲಿಸಿದೆ.
ಬಡಗಿಗೆ ಹೇಳಿದ್ದೇನೆ.
ಬಡಗಿ ಬಂದಿಲ್ಲ.
ಮುಂದಿನ ಪುಟಗಳಲ್ಲಿ ಬರೀ, ಹೌದು.
ಇನ್ನೊಂದು ಹೌದು.
ಆಮೇಲೆ ಪೆನ್ಸಿಲಿಲ್ಲ.

ಇಷ್ಟು ತಿಂಗಳು ನಾನೇನೂ ಬರೆದಿರಲಿಲ್ಲ.
ಹಗಲು ಅವಳ ಬಿಪಿ ಮಾತ್ರೆ ಎಣಿಸಿ ಕೊಟ್ಟ ಕೈ
ರಾತ್ರಿ ಅವಳ ಸಾಸೇಜಿನ ಮೇಲೆ ಏನು ಬರೆದೀತು?
'ಮಾರಾಟಕ್ಕಿದೆ' ಹಲಗೆ
ಕುದುರೆಯ ಹೊಟ್ಟೆಯಡಿ ನೇತುಬಿದ್ದ ವಾರ,
ಬಸ್ಸಿಗೆ ಹೊತ್ತಾಗಿತ್ತು, ಗೀಚಿದೆ:
ಬೀನ್ಸು ಬಿಸಿಯಾಗಿತ್ತು.
ಅಂಚಿನಲ್ಲಂತೂ ಆಗಿತ್ತು.

ಮತ್ತೆ ಮಂಗಳವಾರ. ಬ್ಯಾಗು ಇಳಿಸುವ ಮೊದಲೇ ಪುಸ್ತಕ ತೆರೆದೆ.
ನನ್ನ ಸಾಲಿನ ಕೆಳಗೆ,
ಹೊಸದಾಗಿ ಚೂಪು ಮಾಡಿದ ಪೆನ್ಸಿಲು:
ನಿಮ್ಮ ಕೊಡೆ ನನ್ನ ಹತ್ತಿರ ಇದೆ.